ಐಸ್ ಹಾಕಿಯಲ್ಲಿ ಹೊಡೆದಾಟ: ಐದು ನಿಮಿಷ ಕೂರಿಸಿದರೆ ಸಾಕಾ?

ಮಿಸ್ಸಿಸಾಗಾ ಅಪ್ಪ

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ ಮಗನನ್ನು ಟೊರಾಂಟೊಗೆ ಎನ್‌ಎಚ್‌ಎಲ್ (ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್) ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಅವನಿಗೆ ಹತ್ತು ವರ್ಷ. ಟಿವಿಯಲ್ಲಿ ನೋಡಿದ್ದ, ಎದುರಿಗೆ ಕೂತು ನೋಡಿದ್ದು ಇದೇ ಮೊದಲು.

ಎರಡನೇ ಪೀರಿಯಡ್‌ನಲ್ಲಿ ಇಬ್ಬರು ಗ್ಲೌಸ್ ಕೆಳಗೆ ಬಿಸಾಕಿದರು. ಎಡಗೈಲಿ ಒಬ್ಬರ ಜೆರ್ಸಿ ಒಬ್ಬರು ಹಿಡಿದುಕೊಂಡು ಬಲಗೈಲಿ ಮುಖಕ್ಕೆ ಗುದ್ದಿದರು. ಲೈನ್ಸ್‌ಮನ್, ಅಂದರೆ ರೆಫರಿಯ ಸಹಾಯಕರು, ಇಬ್ಬರೂ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಜನ ಎಲ್ಲ ಎದ್ದು ನಿಂತು ಕೂಗುತ್ತಿದ್ದರು. ನಾನೂ ಎದ್ದಿದ್ದೆ, ಸುಳ್ಳು ಹೇಳಲ್ಲ. ಒಬ್ಬ ಬಿದ್ದ ಮೇಲೆ ಬಿಡಿಸಿ ಇಬ್ಬರನ್ನೂ ಐದು ನಿಮಿಷ ಕೂರಿಸಲು ಪೆನಾಲ್ಟಿ ಬಾಕ್ಸ್ ಕಡೆ ಕರೆದುಕೊಂಡು ಹೋದರು. ಆಮೇಲೆ ಒಬ್ಬ ಹುಡುಗ ಸಲಿಕೆ ಹಿಡಿದು ಬಂದ. ಬಗ್ಗಿ ಐಸ್ ಮೇಲಿದ್ದ ರಕ್ತವನ್ನು ಕೆರೆದು ತೆಗೆದ. ಕೆರೆದ ಪುಡಿ ಗುಲಾಬಿ ಬಣ್ಣಕ್ಕಿತ್ತು. ಒಂದು ನಿಮಿಷದ ಕೆಲಸ. ಆಟ ಶುರುವಾಯಿತು.

ಮಗ ನನ್ನ ತೋಳು ಜಗ್ಗಿ ಕೇಳಿದ: "ಅಪ್ಪಾ, ನಾನು ಹೀಗೆ ಮಾಡಿದ್ರೆ ನನ್ನನ್ನ ಮ್ಯಾಚಿಂದ ಆಚೆ ಹಾಕ್ತಾರೆ. ಇವರಿಗೆ ಯಾಕೆ ಬರೀ ಐದು ನಿಮಿಷ?"

ಅವನು ಹೇಳಿದ್ದು ಸರಿ. ಕೆನಡಾದಲ್ಲಿ ಮಕ್ಕಳ ಹಾಕಿಯಲ್ಲಿ ಹೊಡೆದಾಡಿದರೆ ಆ ಪಂದ್ಯ ಅಲ್ಲಿಗೆ ಮುಗಿಯಿತು, ಆಮೇಲೆ ಅಮಾನತೂ ಆಗುತ್ತದೆ. ದೊಡ್ಡವರಿಗೆ ಮಾತ್ರ ಬೇರೆ ಲೆಕ್ಕ. ನನಗೆ ಉತ್ತರ ಸಿಗಲಿಲ್ಲ. ಮಾರನೇ ಬೆಳಿಗ್ಗೆ ಆರಕ್ಕೆ ಅವನಿಗೆ ಪ್ರಾಕ್ಟೀಸ್ ಇದ್ದುದರಿಂದ ಎರಡನೇ ಪೀರಿಯಡ್ ಮುಗಿಯುತ್ತಲೇ ಹೊರಟುಬಿಟ್ಟೆವು. ದಾರಿ ಪೂರ್ತಿ ಅದೇ ಯೋಚನೆ. ನೀವೆಲ್ಲ ಏನಂತೀರಿ?

ಹಾಸನದ ಹೊಸಬ

ಅಣ್ಣಾ, ನಾನು ಈ ಆಟ ನೋಡಿದ್ದು ಕಡಿಮೆ. ಒಂದು ಅನುಮಾನ. ಐದು ನಿಮಿಷ ಆಚೆ ಕೂತರೆ ತಂಡಕ್ಕೆ ಒಬ್ಬ ಆಟಗಾರ ಕಡಿಮೆ ಆಗ್ತಾನೆ ಅಲ್ವಾ? ಅದೇ ದೊಡ್ಡ ಶಿಕ್ಷೆ ಅಲ್ವಾ?

ಮಿಸ್ಸಿಸಾಗಾ ಅಪ್ಪ

ಒಳ್ಳೇ ಪ್ರಶ್ನೆ ತಮ್ಮಾ. ಎಲ್ಲ ಇರುವುದೇ ಇಲ್ಲಿ.

ಸಾಮಾನ್ಯ ತಪ್ಪಿಗೆ, ಅಂದರೆ ಸ್ಟಿಕ್ ಅಡ್ಡ ಹಾಕಿ ಬೀಳಿಸಿದರೆ, ಎರಡು ನಿಮಿಷ ಆಚೆ. ಆಗ ಎದುರು ತಂಡಕ್ಕೆ ಪವರ್ ಪ್ಲೇ, ಐವರ ಎದುರು ನಾಲ್ವರು. ಗೋಲು ಬೀಳುವ ಸಾಧ್ಯತೆ ಜಾಸ್ತಿ. ಕೋಚ್‌ಗೆ ಸಿಟ್ಟು ಬರುತ್ತದೆ. ಹೊಡೆದಾಟಕ್ಕೆ ಐದು ನಿಮಿಷ, ಆದರೆ ಅದು ಇಬ್ಬರಿಗೂ ಬೀಳುತ್ತದೆ. ಎರಡೂ ಒಂದಕ್ಕೊಂದು ವಜಾ. ಇಬ್ಬರ ಜಾಗಕ್ಕೂ ಬೇರೆಯವರು ಇಳಿಯುತ್ತಾರೆ, ಐವರ ಎದುರು ಐವರೇ ಆಡುತ್ತಾರೆ. ತಂಡಕ್ಕೆ ಒಂದು ಪೈಸೆ ನಷ್ಟ ಇಲ್ಲ.

ಕಾಲಿಗೆ ಸ್ಟಿಕ್ ತಗುಲಿದರೆ ತಂಡ ಬೆಲೆ ಕೊಡಬೇಕು. ಮುಖಕ್ಕೆ ಹತ್ತು ಗುದ್ದು ಹಾಕಿದರೆ ಕೊಡಬೇಕಾಗಿಲ್ಲ. ಇದನ್ನ ಶಿಕ್ಷೆ ಅನ್ನಲು ನನಗೆ ಮನಸ್ಸು ಬರಲ್ಲ. ಇದು ಅನುಮತಿ.

ಕ್ಯಾಲ್ಗರಿ ಗುಂಡಣ್ಣ

ಭಾವನೆ ಅರ್ಥ ಆಗುತ್ತೆ ಅಣ್ಣಾ. ಆದರೆ ನಾನು ಇಲ್ಲಿ 19 ವರ್ಷದಿಂದ ಹಾಕಿ ನೋಡ್ತಾ ಇದ್ದೀನಿ, ಇನ್ನೊಂದು ಮಗ್ಗುಲೂ ಹೇಳ್ತೀನಿ.

ಇದು ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರ್ ವೇಗದ ಆಟ. ಎಲ್ಲರ ಕೈಲೂ ಸ್ಟಿಕ್, ಸುತ್ತ ಗೋಡೆ, ಮೈಗೆ ಮೈ ಡಿಕ್ಕಿ ಹೊಡೆಯುವುದು ನಿಯಮದಲ್ಲೇ ಇದೆ. ರೆಫರಿ ಕಣ್ಣು ತಪ್ಪಿಸಿ ಸ್ಟಿಕ್‌ನಲ್ಲಿ ಮಣಿಕಟ್ಟಿಗೆ ಬಾರಿಸುವವರು, ಹಿಂದಿನಿಂದ ಗೋಡೆಗೆ ನೂಕುವವರು ಇದ್ದೇ ಇರುತ್ತಾರೆ. "ನಮ್ಮ ಹುಡುಗನ ತಂಟೆಗೆ ಬಂದರೆ ನಾನಿದ್ದೀನಿ" ಅನ್ನುವವನೊಬ್ಬ ಬೆಂಚಿನ ಮೇಲಿದ್ದರೆ ಅಂಥವರ ಕೈ ಹಿಡಿತದಲ್ಲಿರುತ್ತೆ. ವೇಯ್ನ್ ಗ್ರೆಟ್ಸ್ಕಿಯಂಥ ಸಣ್ಣ ಮೈಕಟ್ಟಿನ ಆಟಗಾರ ಎಡ್ಮಂಟನ್‌ನಲ್ಲಿ ನಿರಾಳವಾಗಿ ಆಡಿದ್ದು ಯಾರಿಂದ? ಪಕ್ಕದಲ್ಲಿ ಹೊಡೆದಾಟಕ್ಕೆ ನಿಲ್ಲುವ ಡೇವ್ ಸೆಮೆಂಕೊ ಇದ್ದ. 1988ರಲ್ಲಿ ಲಾಸ್ ಏಂಜಲೀಸ್‌ಗೆ ಹೋದಾಗ ಅಂಥವನೇ ಆದ ಮಾರ್ಟಿ ಮೆಕ್‌ಸಾರ್ಲಿಯೂ ಜೊತೆಗೆ ಹೋದ. ಗ್ರೆಟ್ಸ್ಕಿಗೆ ಅವನು ಬೇಕಿತ್ತು.

1992ರಲ್ಲಿ ಇನ್‌ಸ್ಟಿಗೇಟರ್ ನಿಯಮ ತಂದರು. ಜಗಳ ಶುರು ಮಾಡಿದವನಿಗೆ ಹೆಚ್ಚುವರಿ ಶಿಕ್ಷೆ. ಆಗಿನಿಂದ ಕದ್ದು ಹೊಡೆಯುವವರಿಗೆ ಧೈರ್ಯ ಬಂತು ಅಂತ ಹಳೇ ಆಟಗಾರರು ಎಷ್ಟೋ ಜನ ಹೇಳ್ತಾರೆ. ನನಗೂ ಹಾಗೇ ಅನ್ನಿಸುತ್ತೆ.

ಬೋಸ್ಟನ್ ಲೆಕ್ಕಿಗ

ಗುಂಡಣ್ಣ, ನೀವು ಹೇಳಿದ ಮೆಕ್‌ಸಾರ್ಲಿಯ ಕೊನೆಯನ್ನೂ ನೆನಪಿಸಿಕೊಳ್ಳಿ. 2000ದ ಫೆಬ್ರವರಿಯಲ್ಲಿ, ವ್ಯಾಂಕೂವರ್‌ನಲ್ಲಿ, ಆಟ ಮುಗಿಯಲು ಕೆಲವೇ ಸೆಕೆಂಡು ಇರುವಾಗ ಎದುರು ತಂಡದ ಡೊನಾಲ್ಡ್ ಬ್ರಶೇರ್ ತಲೆಗೆ ಸ್ಟಿಕ್‌ನಲ್ಲಿ ಬೀಸಿದ. ಅದೇ ರಾತ್ರಿ ಆಟದ ಶುರುವಿನಲ್ಲಿ ಇಬ್ಬರೂ ಹೊಡೆದಾಡಿದ್ದರು. ಅಂದರೆ ಜಗಳದಿಂದ ಬಿಸಿ ಇಳಿಯಲಿಲ್ಲ, ಏರಿತು. ಕೋರ್ಟು ಅವನನ್ನು ತಪ್ಪಿತಸ್ಥ ಅಂದಿತು. ಮತ್ತೆ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ.

ಸ್ಟೀವ್ ಮೂರ್ ಕಥೆ ಇನ್ನೂ ಕೆಟ್ಟದ್ದು. 2004ರ ಫೆಬ್ರವರಿಯಲ್ಲಿ ಕೊಲರಾಡೊದ ಮೂರ್, ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲುಂಡ್‌ಗೆ ಜೋರಾಗಿ ಡಿಕ್ಕಿ ಕೊಟ್ಟ. ಮಾರ್ಚ್ 8ಕ್ಕೆ ಅದೇ ತಂಡಗಳು ಮತ್ತೆ ಎದುರಾದವು. ಮೊದಲ ಪೀರಿಯಡ್‌ನಲ್ಲೇ ವ್ಯಾಂಕೂವರ್‌ನ ಮ್ಯಾಟ್ ಕುಕ್ ಜೊತೆ ಮೂರ್ ಹೊಡೆದಾಡಿದ. ಹೊಡೆದಾಟದ ಪರ ಇರುವವರು ಹೇಳುವ ಬರೆಯದ ಕಟ್ಟಳೆ ಪ್ರಕಾರ ಅಲ್ಲಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. ಮೂರನೇ ಪೀರಿಯಡ್‌ನಲ್ಲಿ ವ್ಯಾಂಕೂವರ್‌ನ ಟಾಡ್ ಬರ್ಟುಝಿ ಹಿಂದಿನಿಂದ ಬಂದು ಗುದ್ದಿ ಅವನನ್ನು ಐಸ್‌ಗೆ ಕೆಡವಿದ. ಕುತ್ತಿಗೆಯ ಮೂರು ಮೂಳೆ ಮುರಿದವು. ಮೂರ್ ಮತ್ತೆ ಯಾವತ್ತೂ ಆಡಲಿಲ್ಲ. ಕೇಸು ಹತ್ತು ವರ್ಷ ಎಳೆದು 2014ರಲ್ಲಿ ರಾಜಿಯಾಯಿತು.

ಪೊನ್ನಂಪೇಟೆ ಫುಲ್‌ಬ್ಯಾಕ್

ನಾನು ಹುಲ್ಲಿನ ಹಾಕಿ ಆಡಿ ಬೆಳೆದವನು. ಎರಡೂ ಬೇರೆ ಆಟ, ಗೊತ್ತು. ಆದರೂ ಒಂದು ಮಾತು.

ನಮ್ಮಲ್ಲಿ ಹಸಿರು ಕಾರ್ಡ್ ಬಿದ್ದರೆ ಎರಡು ನಿಮಿಷ, ಹಳದಿ ಬಿದ್ದರೆ ಕನಿಷ್ಠ ಐದು ನಿಮಿಷ ಆಚೆ. ಅಷ್ಟೂ ಹೊತ್ತು ತಂಡ ಒಬ್ಬನಿಲ್ಲದೆ ಓಡಬೇಕು. ಆ ಎರಡು ನಿಮಿಷದಲ್ಲಿ ಗೋಲು ಹೋದರೆ ವಾಪಸ್ ಬಂದವನ ಮುಖವನ್ನ ಯಾರೂ ನೋಡಲ್ಲ. ಆ ನಾಚಿಕೆಯೇ ಎಷ್ಟೋ ಸಲ ನನ್ನ ಕೈ ತಡೆದಿದೆ. 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮನೆತನದ ಮರ್ಯಾದೆ ಪಣಕ್ಕಿರುತ್ತೆ. ಅಜ್ಜಿಯರೂ ಗಡಿಗೆರೆ ಪಕ್ಕ ನಿಂತು ಕೂಗುತ್ತಾರೆ. ಅಲ್ಲಿ ರಕ್ತ ಬಿಸಿ ಆಗಲ್ಲ ಅಂತ ಯಾರೂ ಹೇಳಲಾರರು.

ನಮ್ಮಲ್ಲೂ ಹೊಡೆದಾಟ ಆಗಿದೆ. 2019ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ನೆಹರೂ ಕಪ್ ಫೈನಲ್. ಪಂಜಾಬ್ ಪೊಲೀಸ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ಆಟಗಾರರು ಸ್ಟಿಕ್ ಹಿಡಿದೇ ಬಡಿದಾಡಿದರು. ವಿಡಿಯೋ ನೋಡಿ ನನಗೆ ತಲೆ ಎತ್ತಲು ಆಗಲಿಲ್ಲ. ಆಟಗಾರರನ್ನು ಅಮಾನತು ಮಾಡಿದರು. "ಇದೂ ಆಟದ ಒಂದು ಭಾಗ" ಅಂತ ನನ್ನ ಗುಂಪಿನಲ್ಲಿ ಒಬ್ಬನೂ ಹೇಳಲಿಲ್ಲ. ಅಷ್ಟೇ ವ್ಯತ್ಯಾಸ.

ಕ್ಯಾಲ್ಗರಿ ಗುಂಡಣ್ಣ

ನಿಮ್ಮ ಆಟದಲ್ಲಿ ಮೈ ತಾಗಿದರೇ ಫೌಲ್. ಇಲ್ಲಿ 100 ಕೆಜಿ ಮನುಷ್ಯ ಎದೆಗೆ ಬಂದು ಗುದ್ದುವುದೇ ಆಟ. ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ ಮಾರಾಯರೇ.

ಲೀಗ್ ಸರಿಯಾಗಿ ಶಿಕ್ಷೆ ಕೊಡುತ್ತೆ ಅಂತ ನಂಬೋದು ಹೇಗೆ ಹೇಳಿ? 2021ರ ಮೇ 3, ವಾಷಿಂಗ್ಟನ್‌ನ ಟಾಮ್ ವಿಲ್ಸನ್, ನ್ಯೂಯಾರ್ಕ್ ರೇಂಜರ್ಸ್‌ನ ಪನಾರಿನ್‌ನನ್ನು ಹೆಲ್ಮೆಟ್ ಇಲ್ಲದ ತಲೆ ಸಮೇತ ಐಸ್‌ಗೆ ಎತ್ತಿ ಹಾಕಿದ. ಪನಾರಿನ್ ಆ ಸೀಸನ್‌ನಲ್ಲಿ ಮತ್ತೆ ಆಡಲಿಲ್ಲ. ವಿಲ್ಸನ್‌ಗೆ ಬಿದ್ದ ದಂಡ 5,000 ಡಾಲರ್, ಅದೂ ಅದೇ ಜಗಳದಲ್ಲಿ ರೇಂಜರ್ಸ್‌ನ ಇನ್ನೊಬ್ಬ ಆಟಗಾರ ಬುಚ್ನೆವಿಚ್‌ಗೆ ಗುದ್ದಿದ್ದಕ್ಕೆ. ಇದು ಸರಿಯಲ್ಲ ಅಂತ ಬಹಿರಂಗವಾಗಿ ಹೇಳಿಕೆ ಕೊಟ್ಟ ರೇಂಜರ್ಸ್ ತಂಡಕ್ಕೆ ಬಿದ್ದ ದಂಡ 2,50,000 ಡಾಲರ್! ಎರಡು ದಿನ ಬಿಟ್ಟು ಮತ್ತೆ ಎದುರಾದಾಗ ಪಕ್ (ಆಟದ ರಬ್ಬರ್ ಬಿಲ್ಲೆ) ಬೀಳುತ್ತಲೇ ಗ್ಲೌಸ್ ಬಿದ್ದವು. ಮೊದಲ ಐದು ನಿಮಿಷದಲ್ಲಿ ಆರು ಹೊಡೆದಾಟ. ನ್ಯಾಯ ಸಿಗದವರು ಮತ್ತೇನು ಮಾಡಬೇಕು?

ಮಿಸ್ಸಿಸಾಗಾ ಅಪ್ಪ

ಆ ದಂಡದ ಲೆಕ್ಕ ನೋಡಿ ನನಗೂ ಹೊಟ್ಟೆ ಉರಿದಿತ್ತು ಗುಂಡಣ್ಣ. ಅದರಲ್ಲಿ ನಾವಿಬ್ಬರೂ ಒಂದೇ.

ಆದರೆ ಆ ಆರು ಹೊಡೆದಾಟದಲ್ಲಿ ಗುದ್ದು ತಿಂದವರು ಯಾರು? ತಪ್ಪು ಮಾಡಿದವನು ಒಬ್ಬ. ಅವನೂ ಒಂದರಲ್ಲಿ ಹೊಡೆದಾಡಿ ಐದು ನಿಮಿಷ ಕೂತ. ಉಳಿದ ಹತ್ತು ಜನಕ್ಕೂ ಪನಾರಿನ್‌ಗೂ ಏನು ಸಂಬಂಧ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಹಳೇ ಕಾಲದಲ್ಲೂ ಇದೇ. ಸ್ಟಾರ್ ಆಟಗಾರನಿಗೆ ಯಾರೋ ಹೊಡೆದರೆ ಇವರ ಎನ್‌ಫೋರ್ಸರ್, ಅಂದರೆ ಹೊಡೆದಾಟಕ್ಕೇ ಇಟ್ಟುಕೊಂಡವನು, ಹೋಗಿ ಅವರ ಎನ್‌ಫೋರ್ಸರ್ ಜೊತೆ ಬಡಿದಾಡುತ್ತಿದ್ದ. ಮೊದಲು ಹೊಡೆದವನು ಬೆಂಚಿನ ಮೇಲೆ ನೀರು ಕುಡಿಯುತ್ತಾ ಕೂತಿರುತ್ತಿದ್ದ.

ಇನ್ನೊಂದು. ಹೊಡೆದಾಟ ನಿಜವಾಗಿ ರಕ್ಷಣೆ ಕೊಡುವುದಾದರೆ ಪ್ಲೇಆಫ್ ಬಂದಾಗ ಯಾಕೆ ಅಷ್ಟು ಕಮ್ಮಿಯಾಗುತ್ತೆ? ಪ್ರತಿ ಗೋಲಿಗೂ ಬೆಲೆ ಇರುವ ಹೊತ್ತಲ್ಲಿ ಕೋಚ್‌ಗಳು ಗುದ್ದಾಡುವವನನ್ನು ಬೆಂಚಿನಲ್ಲೇ ಕೂರಿಸುತ್ತಾರೆ. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಫೈನಲ್ ನೋಡಿದ್ದೀರಿ ಅಲ್ವಾ? ಕೆನಡಾ, ಅಮೆರಿಕ, ಎರಡೂ ಕಡೆ ಎನ್‌ಎಚ್‌ಎಲ್ ಆಟಗಾರರೇ. ಓವರ್‌ಟೈಮ್‌ನಲ್ಲಿ ಕೆನಡಾದ ಕ್ರಾಸ್ಬಿ ಗೋಲು, 3-2. ಇಡೀ ಪಂದ್ಯದಲ್ಲಿ ಒಂದು ಹೊಡೆದಾಟ ಇಲ್ಲ. ಅದಕ್ಕಿಂತ ಬಿಸಿಯ ಆಟ ನಾನು ನೋಡಿಲ್ಲ.

ಕ್ಯಾಲ್ಗರಿ ಗುಂಡಣ್ಣ

2025ರ ಫೆಬ್ರವರಿ 15ನ್ನೂ ಹೇಳಿ ಅಣ್ಣಾ. ಮಾಂಟ್ರಿಯಲ್, ಫೋರ್ ನೇಷನ್ಸ್ ಟೂರ್ನಿ, ಅದೇ ಕೆನಡಾ, ಅದೇ ಅಮೆರಿಕ. ಒಂಬತ್ತು ಸೆಕೆಂಡಿನಲ್ಲಿ ಮೂರು ಹೊಡೆದಾಟ. ಅಮೆರಿಕದ ಟ್ಕಾಚುಕ್ ಅಣ್ಣ ತಮ್ಮ ಇಬ್ಬರೂ ಇಳಿದರು. ಹಾಕಿ ಅಂದರೇನು ಅಂತ ಗೊತ್ತಿಲ್ಲದ ನನ್ನ ಆಫೀಸಿನವರೂ ಸೋಮವಾರ ಅದನ್ನೇ ಮಾತಾಡಿದರು.

ಮಿಸ್ಸಿಸಾಗಾ ಅಪ್ಪ

ನೋಡಿದ್ದೆ. ಐದು ದಿನ ಬಿಟ್ಟು ಬೋಸ್ಟನ್‌ನಲ್ಲಿ ಅದೇ ತಂಡಗಳ ಫೈನಲ್. ಕೆನಡಾದ ಮೆಕ್‌ಡೇವಿಡ್ ಓವರ್‌ಟೈಮ್‌ನಲ್ಲಿ ಗೋಲು ಹೊಡೆದು ಗೆಲ್ಲಿಸಿದ. ಅದರಲ್ಲಿ ಯಾರೂ ಗ್ಲೌಸ್ ಬಿಸಾಕಲಿಲ್ಲ. ಕಪ್ ಎದುರಿಗಿದ್ದಾಗ ಎಲ್ಲರಿಗೂ ಆಟವೇ ಬೇಕಾಗಿತ್ತು.

ವಿನಿಪೆಗ್ ಸಿಸ್ಟರ್

ನಾನು ಆಟದ ಬಗ್ಗೆ ವಾದ ಮಾಡಲ್ಲ. ತಲೆಗೆ ಪೆಟ್ಟಾದವರ ವಾರ್ಡಿನಲ್ಲಿ ಕೆಲಸ ಮಾಡಿದ್ದೀನಿ, ಅದನ್ನ ಹೇಳ್ತೀನಿ.

ಜನ ಗುದ್ದನ್ನು ಮಾತ್ರ ನೋಡ್ತಾರೆ. ನನಗೆ ಭಯ ಆಗೋದು ಬೀಳುವಾಗ. ಸ್ಕೇಟ್ ಮೇಲೆ ನಿಂತವನಿಗೆ ಪ್ರಜ್ಞೆ ತಪ್ಪಿದರೆ ಕೈ ಊರುವುದಕ್ಕೂ ಆಗಲ್ಲ. ಮರ ಬಿದ್ದ ಹಾಗೆ ಬೀಳ್ತಾನೆ. ಐಸ್ ಅಂದರೆ ಸಿಮೆಂಟ್ ನೆಲ ಅಂತಲೇ ತಿಳಿಯಿರಿ. ಡಾನ್ ಸ್ಯಾಂಡರ್ಸನ್ ಅಂತ ಒಬ್ಬ ಹುಡುಗ, 21 ವರ್ಷ, ಒಂಟಾರಿಯೊದ ವಿಟ್ಬಿ ತಂಡದಲ್ಲಿ ಆಡುತ್ತಿದ್ದ. 2008ರ ಡಿಸೆಂಬರ್‌ನಲ್ಲಿ ಹೊಡೆದಾಟದಲ್ಲಿ ಹೆಲ್ಮೆಟ್ ಕಳಚಿತು, ಬಿದ್ದಾಗ ತಲೆ ಐಸ್‌ಗೆ ಬಡಿಯಿತು. ಮೂರು ವಾರ ಕೋಮಾ. 2009ರ ಜನವರಿ 2ರಂದು ಹೋಗಿಬಿಟ್ಟ. ಅದೇನು ಲಕ್ಷಾಂತರ ಡಾಲರ್‌ನ ಲೀಗ್ ಅಲ್ಲ. ದೊಡ್ಡವರನ್ನು ನೋಡಿ ಸಣ್ಣವರು ಕಲಿಯುವ ಜಾಗ.

ಹೆಲ್ಮೆಟ್ ತೆಗೆದು ಹೊಡೆದಾಡಬಾರದು, ತೆಗೆದರೆ ಇನ್ನೆರಡು ನಿಮಿಷ ಅಂತ ಎನ್‌ಎಚ್‌ಎಲ್ 2013ರಲ್ಲಿ ನಿಯಮ ತಂದಿತು. ಸೀಸನ್ ಶುರುವಾಗುವ ಮೊದಲಿನ ಅಭ್ಯಾಸ ಪಂದ್ಯದಲ್ಲೇ ಇಬ್ಬರು ಏನು ಮಾಡಿದರು ಗೊತ್ತಾ? ಒಬ್ಬರ ಹೆಲ್ಮೆಟ್ ಇನ್ನೊಬ್ಬರು ಮೆಲ್ಲಗೆ ಬಿಚ್ಚಿ ಪಕ್ಕಕ್ಕಿಟ್ಟು, ಆಮೇಲೆ ಗುದ್ದಾಡಿದರು. ನಿಯಮ ತನ್ನ ಹೆಲ್ಮೆಟ್ ತಾನು ತೆಗೆಯಬಾರದು ಅಂತ ತಾನೇ ಹೇಳಿದ್ದು. ಆ ವಿಡಿಯೋ ನೋಡಿ ಜನ ನಗುತ್ತಿದ್ದರು. ನನಗೆ ಅಳು ಬಂತು.

ಬೋಸ್ಟನ್ ಲೆಕ್ಕಿಗ

ಸಿಸ್ಟರ್ ಹೇಳಿದ್ದಕ್ಕೆ ಡೆರೆಕ್ ಬೂಗಾರ್ಡ್ ಹೆಸರು ಸೇರಿಸಲೇಬೇಕು. 277 ಪಂದ್ಯ, 3 ಗೋಲು. ಅಷ್ಟು ಕಡಿಮೆ ಗೋಲು ಹೊಡೆದವನನ್ನು ಅಷ್ಟು ವರ್ಷ ತಂಡಗಳು ಯಾಕೆ ಇಟ್ಟುಕೊಂಡವು? ಅವನ ಕೆಲಸವೇ ಹೊಡೆದಾಟ. ಆರಡಿ ಏಳಿಂಚು ಎತ್ತರದ ಆಳು. 2010ರ ಡಿಸೆಂಬರ್‌ನಲ್ಲಿ ಒಟ್ಟಾವಾದಲ್ಲಿ ಕೊನೆಯ ಸಲ ಹೊಡೆದಾಡಿದ, ತಲೆಗೆ ಪೆಟ್ಟಾಯಿತು. 2011ರ ಮೇ 13ರಂದು ನೋವಿನ ಮಾತ್ರೆ ಮತ್ತು ಮದ್ಯ ಸೇರಿ ಪ್ರಾಣ ಹೋಯಿತು. 28 ವರ್ಷ. ಇಲ್ಲಿನ ಬೋಸ್ಟನ್ ಯೂನಿವರ್ಸಿಟಿಯವರು ಮೆದುಳು ಪರೀಕ್ಷೆ ಮಾಡಿದಾಗ ಸಿಟಿಇ ಇತ್ತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಮೆದುಳಿನ ಕಾಯಿಲೆ ಅದು. ಅದೇ ವರ್ಷ ಆಗಸ್ಟ್‌ನಲ್ಲಿ ರಿಕ್ ರಿಪಿಯನ್, ವೇಡ್ ಬೆಲಾಕ್ ಕೂಡ ತೀರಿಕೊಂಡರು. ಒಂದೇ ಬೇಸಿಗೆ, ಇದೇ ಕೆಲಸ ಮಾಡುತ್ತಿದ್ದ ಮೂವರು.

ಆದರೆ ಲೆಕ್ಕ ಪ್ರಾಮಾಣಿಕವಾಗಿ ಹೇಳಬೇಕು. 2023ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯವರು 1967ರಿಂದ ಆಡಿದ ಸುಮಾರು ಆರು ಸಾವಿರ ಎನ್‌ಎಚ್‌ಎಲ್ ಆಟಗಾರರ ಲೆಕ್ಕ ನೋಡಿದರು. ಎನ್‌ಫೋರ್ಸರ್‌ಗಳಲ್ಲಿ ಸತ್ತವರ ಸಂಖ್ಯೆ ಉಳಿದವರಿಗಿಂತ ಜಾಸ್ತಿ ಇರಲಿಲ್ಲ. ಆದರೆ ಸತ್ತವರು ಸುಮಾರು ಹತ್ತು ವರ್ಷ ಮೊದಲೇ ಸತ್ತಿದ್ದರು. ಆತ್ಮಹತ್ಯೆ, ಮಾದಕ ವಸ್ತುವಿನಿಂದ ಆದ ಸಾವು ಅವರಲ್ಲಿ ಹೆಚ್ಚು. ಇನ್ನೊಂದು, 2024ರ ಬೋಸ್ಟನ್ ಅಧ್ಯಯನ. ಮೆದುಳು ದಾನ ಮಾಡಿದ್ದ 19 ಎನ್‌ಎಚ್‌ಎಲ್ ಆಟಗಾರರಲ್ಲಿ 18 ಜನಕ್ಕೆ ಸಿಟಿಇ ಇತ್ತು. ಅನುಮಾನ ಇದ್ದವರ ಮನೆಯವರೇ ಹೆಚ್ಚಾಗಿ ದಾನ ಮಾಡುತ್ತಾರೆ, ಹಾಗಾಗಿ ಎಲ್ಲ ಆಟಗಾರರಿಗೂ ಹೀಗೇ ಅನ್ನುವ ಹಾಗಿಲ್ಲ. ಆ ಹತ್ತೊಂಬತ್ತರಲ್ಲಿ ಹೊಡೆದಾಟ ಕಸುಬಾಗಿದ್ದವರು ಮಾತ್ರ ಇರಲಿಲ್ಲ ಅನ್ನೋದೂ ನಿಜ.

ಕ್ಯಾಲ್ಗರಿ ಗುಂಡಣ್ಣ

ನಾನು ಹೇಳಬೇಕಾದ್ದನ್ನ ನೀವೇ ಹೇಳಿದಿರಿ. ತಲೆಗೆ ಪೆಟ್ಟು ಬರೀ ಮುಷ್ಟಿಯಿಂದ ಬರಲ್ಲ. ನಮ್ಮ ಪಂಜಾಬಿ ಹುಡುಗ ಜುಜಾರ್ ಖೈರಾ, 2021ರ ಡಿಸೆಂಬರ್, ಶಿಕಾಗೊ. ಎದುರು ತಂಡದ ಟ್ರೂಬಾ ಕೊಟ್ಟ ಡಿಕ್ಕಿಗೆ ಅಲ್ಲೇ ಮಲಗಿದ. ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. ಅದಕ್ಕೆ ಪೆನಾಲ್ಟಿಯೂ ಇಲ್ಲ, ನಿಯಮದ ಒಳಗಿನ ಚೆಕ್, ಅಂದರೆ ಡಿಕ್ಕಿ. ಹೊಡೆದಾಟ ನಿಲ್ಲಿಸಿದ ಮಾತ್ರಕ್ಕೆ ತಲೆಗಳು ಉಳಿದುಬಿಡುತ್ತವಾ?

ಹೇಗೂ ಇದು ತಾನಾಗೇ ಕಡಿಮೆ ಆಗ್ತಾ ಇದೆ. 2008-09ರ ಸೀಸನ್‌ನಲ್ಲಿ 700ಕ್ಕೂ ಜಾಸ್ತಿ ಹೊಡೆದಾಟ. ಹತ್ತು ವರ್ಷ ಬಿಟ್ಟು 250ಕ್ಕೂ ಕಡಿಮೆ. ನಾಲ್ಕನೇ ಲೈನಿನವನಿಗೂ, ಅಂದರೆ ಕಡಿಮೆ ಹೊತ್ತು ಆಡುವವನಿಗೂ, ಈಗ ಸ್ಕೇಟಿಂಗ್ ಬರಲೇಬೇಕು. ಸುಮ್ನೆ ಬಿಟ್ಟರೆ ಸಾಕು.

ಮಿಸ್ಸಿಸಾಗಾ ಅಪ್ಪ

ಡಿಕ್ಕಿಯ ಮಾತು ಒಪ್ಪಿದೆ. ತಲೆಗೆ ಹೋಗುವ ಚೆಕ್‌ಗೂ ಶಿಕ್ಷೆ ಬಿಗಿ ಆಗಬೇಕು. ಆದರೆ ಒಂದು ತೂತು ಇದೆ ಅಂತ ಇನ್ನೊಂದು ತೂತು ಮುಚ್ಚದೇ ಇರ್ತೀವಾ? ಡಿಕ್ಕಿ ಕೊಡುವವನಿಗೆ ಪಕ್ ಬೇಕಾಗಿರುತ್ತೆ. ಮುಷ್ಟಿಗೆ ತಲೆ ಬಿಟ್ಟರೆ ಬೇರೆ ಗುರಿಯೇ ಇಲ್ಲ.

"ತಾನಾಗೇ ಹೋಗುತ್ತೆ" ಅನ್ನುವುದನ್ನೂ ನಾನು ನಂಬಿದ್ದೆ. ಆಮೇಲೆ ರೇಂಜರ್ಸ್‌ನ ಮ್ಯಾಟ್ ರೆಂಪಿ ಬಂದ. 2024ರ ಫೆಬ್ರವರಿ, ಬಯಲು ಸ್ಟೇಡಿಯಂನಲ್ಲಿ ಪಂದ್ಯ, ಹುಡುಗನಿಗೆ 21 ವರ್ಷ. ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ, ಮೊದಲ ಶಿಫ್ಟ್, ಇಳಿಯುತ್ತಲೇ ಹೊಡೆದಾಟ. ಏಪ್ರಿಲ್ 3ಕ್ಕೆ ರೇಂಜರ್ಸ್ ಮತ್ತು ಡೆವಿಲ್ಸ್ ಪಂದ್ಯದಲ್ಲಿ ಪಕ್ ಬಿದ್ದ ತಕ್ಷಣ ಐವರಿಗೆ ಐವರು ಮುಗಿಬಿದ್ದರು. ಮಧ್ಯದಲ್ಲಿ ಅವನೇ. ಇಡೀ ಅರೀನಾ ಅವನ ಹೆಸರು ಕೂಗುತ್ತಿತ್ತು. ಈ ಕೆಲಸಕ್ಕೆ ಹೀಗೇ ಸೇರಬೇಕು ಅಂತ ಒಬ್ಬ 21ರ ಹುಡುಗನಿಗೆ ಗೊತ್ತಿದ್ದರೆ, ದಾರಿ ಇನ್ನೂ ತೆರೆದೇ ಇದೆ ಅಂತ ಅರ್ಥ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡು. ಆ ದಾರಿ ತೆರೆದಿಟ್ಟವರ ಮೇಲೆ ಸಿಟ್ಟು.

ಭಾನುವಾರದ ಪೀಪಿ

ನಾನು ವಾರಕ್ಕೊಮ್ಮೆ ಇಲ್ಲಿನ ದೊಡ್ಡವರ ಲೀಗಿಗೆ ಲೈನ್ಸ್‌ಮನ್ ಆಗಿ ಹೋಗ್ತೀನಿ. ಅಪ್ಪ ಅವರು ಶುರುವಿನಲ್ಲಿ "ಪಕ್ಕದಲ್ಲೇ ನಿಂತು ನೋಡುತ್ತಿದ್ದರು" ಅಂದರು. ನಮ್ಮ ಕಡೆಯಿಂದ ಹೇಳ್ತೀನಿ. ಗುದ್ದುವಾಗ ನಡುವೆ ಹೋದರೆ ನಮಗೂ ಬೀಳುತ್ತೆ. ಒಬ್ಬನನ್ನು ಮೊದಲು ಹಿಡಿದರೆ ಅವನ ಕೈ ಕಟ್ಟಿದ ಹಾಗೆ, ಇನ್ನೊಬ್ಬ ಸುಲಭವಾಗಿ ಹೊಡೆಯುತ್ತಾನೆ. ಅದಕ್ಕೇ ಸುಸ್ತಾಗುವವರೆಗೆ ಅಥವಾ ಬೀಳುವವರೆಗೆ ಕಾಯೋದು, ಆಮೇಲೆ ಇಬ್ಬರೂ ಒಟ್ಟಿಗೆ ನುಗ್ಗೋದು. ಆ ಹತ್ತು ಸೆಕೆಂಡು ನನಗೆ ಬಹಳ ಉದ್ದ ಅನ್ನಿಸುತ್ತೆ.

ನಿಯಮ ಬಿಗಿ ಮಾಡಿದರೆ ಆಟಗಾರರು ಕೇಳ್ತಾರೆ. 1987ಕ್ಕಿಂತ ಮೊದಲು ಎರಡೂ ಬೆಂಚು ಖಾಲಿ ಮಾಡಿಕೊಂಡು ಎಲ್ಲರೂ ಇಳಿದು ಬಡಿದಾಡುತ್ತಿದ್ದರು. ಮೊದಲು ಬೆಂಚು ಬಿಟ್ಟು ಇಳಿದವನಿಗೆ ಹತ್ತು ಪಂದ್ಯ ಅಮಾನತು ಅಂದರು. ಆ ಕಥೆ ಅಲ್ಲಿಗೆ ಮುಗಿಯಿತು. ಅದೂ ಈ ಆಟದ ಸಂಪ್ರದಾಯ ಅಂತಿದ್ದವರು ಆಗಲೂ ಇದ್ದರು. ಕ್ವಿಬೆಕ್‌ನ ಜೂನಿಯರ್ ಲೀಗ್ 2023-24ರಿಂದ ಹೊಡೆದಾಡಿದವರನ್ನು ಸೀದಾ ಆಚೆ ಕಳಿಸುತ್ತಿದೆ. ಆ ಲೀಗಿನಿಂದ ಎನ್‌ಎಚ್‌ಎಲ್‌ಗೆ ಹುಡುಗರು ಹೋಗುವುದೇನೂ ನಿಂತಿಲ್ಲ.

ಹಾಸನದ ಹೊಸಬ

ಶಿಕ್ಷೆ ಕೊಡುವ ವಿಭಾಗ ಅಂತ ಲೀಗಿನಲ್ಲಿ ಯಾರಾದರೂ ಇದ್ದಾರಾ?

ಬೋಸ್ಟನ್ ಲೆಕ್ಕಿಗ

ಇದ್ದಾರೆ. ಆಟಗಾರರ ಸುರಕ್ಷತೆ ವಿಭಾಗ ಅಂತಲೇ ಹೆಸರು. 2017ರಿಂದ ಅದರ ಮುಖ್ಯಸ್ಥ ಜಾರ್ಜ್ ಪ್ಯಾರೋಸ್, ಅವನೇ ಹಳೇ ಎನ್‌ಫೋರ್ಸರ್. 2013ರ ಅಕ್ಟೋಬರ್ 1ರಂದು, ಸೀಸನ್ನಿನ ಮೊದಲ ರಾತ್ರಿ, ಮಾಂಟ್ರಿಯಲ್‌ನಲ್ಲಿ ಟೊರಾಂಟೊದ ಕೋಲ್ಟನ್ ಆರ್ ಜೊತೆ ಹೊಡೆದಾಡುವಾಗ ಆಯ ತಪ್ಪಿ ಮುಖ ಅಡಿಯಾಗಿ ಐಸ್‌ಗೆ ಬಿದ್ದ. ಸ್ಟ್ರೆಚರ್‌ನಲ್ಲಿ ಹೋದ. ಈ ನೋವು ಏನು ಅಂತ ಅವನಿಗಿಂತ ಚೆನ್ನಾಗಿ ಗೊತ್ತಿರುವವರು ಆ ಆಫೀಸಿನಲ್ಲಿ ಯಾರಿದ್ದಾರೆ? ಆದರೂ ನಿಯಮ ಹಾಗೇ ಇದೆ. ನನಗೆ ಬೇಜಾರಾಗೋದು ಅದಕ್ಕೇ.

ಕ್ಯಾಲ್ಗರಿ ಗುಂಡಣ್ಣ

ಸರಿ, ನಾನು ಒಂದು ಹೆಜ್ಜೆ ಇಳೀತೀನಿ. ಬೆಂಚಿನ ನಿಯಮದ ಮಾತು ನನಗೆ ಹೊಳೆದಿರಲಿಲ್ಲ. ಹೊಡೆದಾಡಿದವರನ್ನು ಆ ಪಂದ್ಯದಿಂದ ಆಚೆ ಹಾಕಲಿ, ಒಪ್ತೀನಿ. ಆದರೆ ಒಂದು ಷರತ್ತು. ಮೊದಲು ಕದ್ದು ಹೊಡೆಯುವವನನ್ನು ಹಿಡೀಬೇಕು. ತಲೆಗೆ ಬೇಕಂತಲೇ ಹೊಡೆದವನಿಗೆ 5,000 ಡಾಲರ್ ಅಲ್ಲ, ಹತ್ತು ಪಂದ್ಯ. ಸಂಬಳವಿಲ್ಲದೆ. ಅದು ಬರುವ ಮೊದಲೇ ಹೊಡೆದಾಟ ನಿಲ್ಲಿಸಿದರೆ ಮೆತ್ತಗಿನ ಆಟಗಾರರ ತಲೆ ಕಾಯೋರು ಯಾರೂ ಇರಲ್ಲ. ಆ ಭಯ ನನಗಿನ್ನೂ ಇದೆ.

ಪೊನ್ನಂಪೇಟೆ ಫುಲ್‌ಬ್ಯಾಕ್

ಆಚೆ ಹೋದವನ ಜಾಗಕ್ಕೆ ಐದು ನಿಮಿಷ ಯಾರೂ ಇಳಿಯಬಾರದು. ನಾಲ್ವರ ಎದುರು ನಾಲ್ವರು ಆಡಲಿ. ಅದನ್ನೂ ಸೇರಿಸಿ.

ಮಿಸ್ಸಿಸಾಗಾ ಅಪ್ಪ

ಗುಂಡಣ್ಣ, ನಿಮ್ಮ ಷರತ್ತಿಗೆ ನನ್ನ ಕೈಯೂ ಸೇರಿಸಿ. ಎರಡೂ ಒಟ್ಟಿಗೆ ಬರಲಿ.

ಭಾನುವಾರ ಬೆಳಿಗ್ಗೆ ರಿಂಕ್‌ನಲ್ಲಿ ಮಗನಿಗೆ ಸ್ಕೇಟ್ ಲೇಸ್ ಕಟ್ಟುತ್ತಿದ್ದೆ. ಎಳೆದು ಬಿಗಿ ಮಾಡಬೇಕು, ಬೆರಳು ಕೆಂಪಾಗುತ್ತೆ. ಅವನು ನನ್ನ ತಲೆ ಮೇಲೆ ಕೈಯಿಟ್ಟುಕೊಂಡು ಕೇಳಿದ, "ಅಪ್ಪಾ, ಆ ಬಿದ್ದವನು ಮತ್ತೆ ಆಡಿದನಾ?" ಮನೆಗೆ ಹೋಗಿ ನೋಡೋಣ ಅಂದೆ. ಅವನು ಐಸ್‌ಗೆ ಇಳಿದ ಮೇಲೆ ಫೋನ್ ತೆಗೆದು ಹುಡುಕಿದೆ. ಮೂರನೇ ಪೀರಿಯಡ್‌ಗೆ ಅವನು ವಾಪಸ್ ಬಂದಿರಲಿಲ್ಲ. "ಅಪ್ಪರ್ ಬಾಡಿ ಇಂಜುರಿ" ಅಂತ ಒಂದೇ ಸಾಲು. ಭುಜಕ್ಕೆ ಪೆಟ್ಟಾದರೂ ಹಾಗೇ ಬರೆಯುತ್ತಾರೆ, ತಲೆಗೆ ಪೆಟ್ಟಾದರೂ ಹಾಗೇ ಬರೆಯುತ್ತಾರೆ. ಮಗನಿಗೆ ಇನ್ನೂ ಹೇಳಿಲ್ಲ.

ಕ್ಯಾಲ್ಗರಿ ಗುಂಡಣ್ಣ

ಅಣ್ಣಾ, ಮುಂದಿನ ಪಂದ್ಯ ಗುರುವಾರ ಇದೆ ಅಲ್ವಾ? ಅವನ ಹೆಸರು ಲಿಸ್ಟ್‌ನಲ್ಲಿ ಬಂದರೆ ಇಲ್ಲಿ ಹಾಕಿ. ನಾನೂ ನೋಡ್ತಾ ಇರ್ತೀನಿ.